ಎಡಗಿವಿಯ ಕಲ್ಲು

ಕೈಬೆರಳಲ್ಲಿ ಒಂದು ಉಂಗುರವೂ ಇಲ್ಲದ ಆ ಹೆಂಗಸನ್ನು ಬಂದರಿನವರೆಲ್ಲ ಉಂಗುರದಕ್ಕ ಎಂದೇ ಕರೆಯುತ್ತಿದ್ದರು. ಕಚೇರಿಯ ಹಾಜರಿ ಪುಸ್ತಕದಲ್ಲಿ ಆಕೆ ಪ್ರಯೋಗಾಲಯ ಸಹಾಯಕಿ, ಎರಡನೇ ದರ್ಜೆ. ಹತ್ತೊಂಬತ್ತು ವರ್ಷವಾದರೂ ಆ ಎರಡನೇ ದರ್ಜೆ ಮೊದಲನೆಯದಾಗಿರಲಿಲ್ಲ. ಅದಕ್ಕಾಗಿ ಆಕೆ ಯಾರ ಕೈಕಾಲು ಹಿಡಿಯಲೂ ಹೋಗಿರಲಿಲ್ಲ. ಮೀನುಗಾರಿಕೆ ಕಚೇರಿಯ ಎರಡನೇ ಮಹಡಿಯಲ್ಲಿ, ಕಾರಿಡಾರು ಮುಗಿಯುವ ಕಡೆ, ಕೊನೆಯ ಕೋಣೆ ಅವಳದು. ಉತ್ತರಕ್ಕೊಂದು ಕಿಟಕಿ, ಅದರ ಕೆಳಗೆ ಉದ್ದನೆಯ ಮೇಜು, ಮೇಜಿನ ಮೇಲೆ ಸೂಕ್ಷ್ಮದರ್ಶಕ, ಸ್ಪಿರಿಟ್ ದೀಪ, ಚಿಮಟ, ಎಣ್ಣೆಯ ಪುಟ್ಟ ಬಾಟಲಿ. ಗೋಡೆ ತುಂಬ ಮರದ ಖಾನೆಗಳು, ಖಾನೆಗಳ ತುಂಬ ಹೆಬ್ಬೆಟ್ಟಿನಷ್ಟಗಲದ ಕಾಗದದ ಲಕೋಟೆಗಳು, ಪ್ರತಿ ಲಕೋಟೆಯೊಳಗೂ ಒಂದು ಕಲ್ಲು.

ಕಲ್ಲೆಂದರೆ ಮೀನಿನ ಕಿವಿಗಲ್ಲು. ಮೀನಿನ ತಲೆಯೊಳಗೆ, ಮಿದುಳಿನ ಎರಡು ಪಕ್ಕದಲ್ಲಿ, ಬೇಳೆಕಾಳಿನಷ್ಟು ದೊಡ್ಡ ಎರಡು ಬಿಳಿ ಕಲ್ಲುಗಳಿರುತ್ತವೆ. ಮೀನು ಬೆಳೆದ ಹಾಗೆ ಕಲ್ಲೂ ಬೆಳೆಯುತ್ತದೆ. ನೀರು ತಣ್ಣಗಾಗುವ ತಿಂಗಳುಗಳಲ್ಲಿ ಮೀನಿನ ಬೆಳವಣಿಗೆ ನಿಲ್ಲುತ್ತದೆ, ಆಗ ಕಲ್ಲಿನೊಳಗೆ ಒಂದು ಗೆರೆ ಬೀಳುತ್ತದೆ. ಕಲ್ಲನ್ನು ಉಗುರಿನಿಂದ ಒತ್ತಿ ಎರಡಾಗಿ ಮುರಿದು, ದೀಪದ ಉರಿಯಲ್ಲಿ ಕಂದುಬಣ್ಣ ಬರುವವರೆಗೆ ಹಿಡಿದು, ಮುರಿದ ಮುಖಕ್ಕೆ ಒಂದು ತೊಟ್ಟು ಎಣ್ಣೆ ಹಾಕಿ ನೋಡಿದರೆ ಗೆರೆಗಳು ಒಂದರ ಸುತ್ತ ಒಂದು ಉಂಗುರವಾಗಿ ಕಾಣುತ್ತವೆ. ವರ್ಷಕ್ಕೊಂದು ಉಂಗುರ. ಉಂಗುರ ಎಣಿಸಿದರೆ ಮೀನಿನ ವಯಸ್ಸು ಸಿಕ್ಕಿತು. ಹೇಳುವುದಕ್ಕೆ ಇಷ್ಟೇ. ಮಾಡಲು ಹೋದವರು ಮೂರೇ ದಿನಕ್ಕೆ ಕಣ್ಣು ಉಜ್ಜಿಕೊಂಡು, ಬೆರಳು ಸುಟ್ಟುಕೊಂಡು, ಬೇರೆ ವಿಭಾಗಕ್ಕೆ ವರ್ಗ ಕೇಳುತ್ತಿದ್ದರು. ಉಂಗುರದಕ್ಕನ ಬಲಗೈಯ ಎರಡು ಬೆರಳ ತುದಿ ಸುಟ್ಟು ಸುಟ್ಟು ಜಡ್ಡುಗಟ್ಟಿ, ಬಿಸಿ ತಾಗಿದರೂ ಗೊತ್ತಾಗದಷ್ಟು ಮೊಂಡಾಗಿದ್ದವು.

ಆ ಕೆಲಸ ಆಕೆಗೆ ಅಪ್ಪನಿಂದ ಬಂದದ್ದು. ಅವಳಿಗಿಂತ ಮುಂಚೆ ಇಪ್ಪತ್ತೊಂದು ವರ್ಷ ಅದೇ ಕುರ್ಚಿಯಲ್ಲಿ ಅಪ್ಪ ಕೂತಿದ್ದ. ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಒಂದೇ ಕಣ್ಣಿನ ಕೊಳವೆಯಲ್ಲಿ ಸರದಿಯಂತೆ ನೋಡುತ್ತ, ಎಣಿಸಲು ಕಲಿಸಿದ. ನಡುವಿನ ಚುಕ್ಕೆಗೆ ತೀರ ಹತ್ತಿರ ತೆಳ್ಳಗಿನ ಒಂದು ಉಂಗುರವಿರುತ್ತದೆ. ಹೊಸಬರು ಅದನ್ನು ಕಾಣುವುದೇ ಇಲ್ಲ. "ಒಳಗಿನದನ್ನ ಬಿಡಬೇಡ, ಮಗಳೇ. ಒಳಗಿನದೇ ಮೊದಲನೇದು," ಎಂದು ಅಪ್ಪ ಹೇಳಿದ್ದ. ಅವನು ತೀರಿಕೊಂಡು ಐದು ವರ್ಷವಾಗಿತ್ತು. ಆಕೆ ಒಂದು ಕಲ್ಲಿನಲ್ಲೂ ಒಳಗಿನದನ್ನು ಬಿಟ್ಟಿರಲಿಲ್ಲ.

ಇಷ್ಟೊಂದು ಕಣ್ಣು ಕೀಲಿಸಿ ಮೀನಿನ ವಯಸ್ಸು ಕೇಳುವುದೇಕೆಂದರೆ, ಕಾನೂನಿಗೆ ಅದು ಬೇಕಿತ್ತು. ಬಂದರಿನಿಂದ ಒಂದು ದಿನದ ದಾರಿಯಲ್ಲಿ, ಕಡಲ ಮಧ್ಯೆ, ನೀರಿನೊಳಗೆ ಒಂದು ದಿಣ್ಣೆ ಇದೆ. ಅರ್ಧ ಈ ದೇಶದ್ದು, ಅರ್ಧ ಆಚೆ ದಡದ ದೇಶದ್ದು. ಎಲ್ಲಿಗೆ ಅರ್ಧ ಎಂದು ಮೀನಿಗೆ ಗೊತ್ತಿಲ್ಲದ ಕಾರಣ ಎರಡೂ ದೇಶ ಸೇರಿ ಒಪ್ಪಂದ ಮಾಡಿಕೊಂಡಿದ್ದವು, ಒಟ್ಟು ನಲವತ್ತೆರಡು ಕಲಮು. ದಿಣ್ಣೆಯ ಮೇಲೆ ಎರಡೂ ಕಡೆಯ ದೋಣಿಗಳು ಸರಪಳಿ ಬಲೆ ಎಳೆಯುತ್ತಿದ್ದವು. ಬಲೆಯ ಬಾಯಿಗೆ ತೋಳಿನಷ್ಟು ದಪ್ಪದ ಕಬ್ಬಿಣದ ಸರಪಳಿ. ಅದು ತಳವನ್ನು ಕೆರೆದುಕೊಂಡೇ ಬರುತ್ತದೆ. ಮೀನು ಬರುತ್ತದೆ, ಮೀನಿನ ಜೊತೆಗೆ ಪಾಚಿ, ಚಿಪ್ಪು, ಕಲ್ಲು, ಅವಕ್ಕೆ ಅಂಟಿದ ಮೊಟ್ಟೆ, ಎಲ್ಲವೂ ಬರುತ್ತವೆ. ಹಾಗೆಂದು ಪೂರ್ತಿ ನಿಲ್ಲಿಸಿದರೆ ಎರಡೂ ದಡದವರ ಹೊಟ್ಟೆಯ ಮೇಲೆ ಹೊಡೆದ ಹಾಗೆ. ಆದ್ದರಿಂದ ಒಂಬತ್ತನೇ ಕಲಮು ಬರೆದರು: ದಿಣ್ಣೆಯಲ್ಲಿ ಹಿಡಿದ ಕಂದುಮೀನಿನ ಸರಾಸರಿ ವಯಸ್ಸು ನಾಲ್ಕಕ್ಕಿಂತ ಕೆಳಗಿಳಿದ ವರ್ಷ ಸರಪಳಿ ಬಲೆ ಬಂದ್, ಮುಂದಿನ ಮೂರು ವರ್ಷಕ್ಕೆ. ನಾಲ್ಕು ಎಂದು ಯಾಕೆಂದರೆ ಕಂದುಮೀನು ಮೊದಲ ಸಲ ಮೊಟ್ಟೆ ಇಡುವುದು ನಾಲ್ಕು ವರ್ಷ ತುಂಬಿದ ಮೇಲೆ. ಇದನ್ನು ಬಂದರಿನ ಚಿಕ್ಕ ಮಕ್ಕಳೂ ಬಾಯಿಪಾಠ ಹೇಳುತ್ತಿದ್ದರು.

ಆದರೆ ವಯಸ್ಸನ್ನು ನೋಡುವವರು ಯಾರು? ಒಂದು ದೇಶದವರು ನೋಡಿದರೆ ಇನ್ನೊಂದು ದೇಶ ನಂಬುವುದಿಲ್ಲ. ಆಗ ಯಾರೋ ಬುದ್ಧಿವಂತ ವಕೀಲನಿಗೆ ಹೊಳೆಯಿತು: ಮೀನಿಗೆ ಎರಡು ಕಲ್ಲಿವೆಯಲ್ಲ! ಯಾವ ದಡದ ದೋಣಿ ಹಿಡಿದರೂ ಎಡಗಿವಿಯದು ಈ ದೇಶಕ್ಕೆ, ಬಲಗಿವಿಯದು ಆ ದೇಶಕ್ಕೆ. ಎರಡೂ ಕಡೆ ಒಬ್ಬೊಬ್ಬ ಓದುಗರು, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಿಳಿಯಕೂಡದು, ಸಭೆಗೆ ಮುಂಚೆ ಮಾತಾಡಕೂಡದು. ಲಕೋಟೆ ಒಡೆಯುವುದು ವಾರ್ಷಿಕ ಸಭೆಯಲ್ಲಿ. ಲೆಕ್ಕ ಬೇರೆಯಾದರೆ ಹದಿನೇಳನೇ ಕಲಮಿನ ಪ್ರಕಾರ ಎರಡನ್ನೂ ಕೂಡಿಸಿ ಅರ್ಧ ಮಾಡುವುದು. ಜಗಳ ಆಗಬಾರದೆಂದು ಬರೆದ ಕಲಮು ಅದು, ಮೀನನ್ನು ಕೇಳಿ ಬರೆದದ್ದಲ್ಲ. ಅಪ್ಪನ ಕಾಲದಿಂದಲೂ ಎಡಗಿವಿ ಹೇಳುವ ವಯಸ್ಸಿಗಿಂತ ಬಲಗಿವಿ ಹೇಳುವುದು ಒಂದು ವರ್ಷ ಕಡಿಮೆ. ಅಂದರೆ ಒಂದೇ ಮೀನಿಗೆ ಎಡಗಡೆ ಐದು ವರ್ಷ, ಬಲಗಡೆ ನಾಲ್ಕು. ನಲವತ್ತು ವರ್ಷ ಎರಡು ಸರಕಾರಗಳು ಮುಖ ಸಿಂಡರಿಸದೆ ಇದನ್ನು ಒಪ್ಪಿಕೊಂಡು ಬಂದಿದ್ದವು. ಹಿಂದಿನ ವರ್ಷ ಈ ಕಡೆ ನಾಲ್ಕು ಪಾಯಿಂಟ್ ಆರು, ಆ ಕಡೆ ಮೂರು ಪಾಯಿಂಟ್ ಆರು. ಅರ್ಧ ಮಾಡಿದಾಗ ನಾಲ್ಕು ಪಾಯಿಂಟ್ ಒಂದು. ದಿಣ್ಣೆ ಕೂದಲೆಳೆಯಲ್ಲಿ ತೆರೆದೇ ಉಳಿದಿತ್ತು. ಇಷ್ಟು ವ್ಯತ್ಯಾಸ ಶೋಭೆಯಲ್ಲ, ಇಬ್ಬರೂ ಓದುಗರು ತಮ್ಮ ತಮ್ಮ ಕ್ರಮವನ್ನು ಮತ್ತೊಮ್ಮೆ ಪರಿಶೀಲಿಸಿಕೊಳ್ಳಲಿ ಎಂದು ಸಭೆ ಒಂದು ಸಾಲಿನ ನಿರ್ಣಯ ಬರೆದು ಕೈತೊಳೆದುಕೊಂಡಿತ್ತು.

ಉಂಗುರದಕ್ಕ ನಿರ್ಣಯವನ್ನು ಓದಿ ಖಾನೆಯಲ್ಲಿಟ್ಟಳು. ಅವಳ ಕಣ್ಣು ತೆರೆಸಿದ್ದು ನಿರ್ಣಯವಲ್ಲ, ಕಚೇರಿಯ ಕಾವಲುಗಾರ.

ಕಚೇರಿಯ ಕೆಳಗಿನ ಹಜಾರದಲ್ಲಿ, ಬಂದುಹೋಗುವವರು ನೋಡಲೆಂದು, ಒಂದು ದೊಡ್ಡ ಗಾಜಿನ ತೊಟ್ಟಿ ಇತ್ತು. ಅದರೊಳಗೆ ಕಡಲ ನೀರು, ತಳದಲ್ಲಿ ಮರಳು, ಒಂಬತ್ತು ಕಂದುಮೀನಿನ ಮರಿಗಳು. ಅವಕ್ಕೆ ಮೇವು ಹಾಕುವುದು ಕಾವಲುಗಾರನ ಕೆಲಸ. ಬೇರೆ ಕೆಲಸವೇನೂ ಇಲ್ಲದ್ದರಿಂದ ಆತ ಇದೊಂದನ್ನು ಎರಡು ಆಳಿನಷ್ಟು ಮಾಡುತ್ತಿದ್ದ. ಒಂದೊಂದಕ್ಕೂ ಅಡ್ಡಹೆಸರು ಇಟ್ಟಿದ್ದ: ಕುಂಟ, ತಿಂಡಿಪೋತ, ಸಾಹೇಬ. ಒಂದು ಬೆಳಗ್ಗೆ ಕುಂಟ ಹೊಟ್ಟೆ ಮೇಲಾಗಿ ತೇಲಿತು. ಕಾವಲುಗಾರ ಅದನ್ನು ಒಂದು ತಟ್ಟೆಯಲ್ಲಿಟ್ಟುಕೊಂಡು ಮಹಡಿ ಹತ್ತಿ ಬಂದು, ಇದಕ್ಕೇನಾಗಿತ್ತು ನೋಡಿ ಹೇಳಿ ಎಂದು ಕೇಳಿದ. ಮೀನಿನ ಕಾಯಿಲೆ ಆಕೆಗೇನು ಗೊತ್ತು! ಆದರೂ ಮುದುಕನ ಮನಸ್ಸು ನೋಯಬಾರದೆಂದು ತಲೆ ಸೀಳಿ, ಅಭ್ಯಾಸಬಲದಿಂದ ಕಲ್ಲು ತೆಗೆದು, ಮುರಿದು, ಸುಟ್ಟು, ಎಣ್ಣೆ ಹಾಕಿ ನೋಡಿದಳು. ಒಳಗಿನ ತೆಳು ಉಂಗುರ ಸ್ಪಷ್ಟವಾಗಿತ್ತು.

ಒಂದು ವರ್ಷ ತುಂಬಿದ ಮೀನು, ಎಂದಳು.

"ಒಂದು ವರ್ಷ ಎಲ್ಲಿಂದ ಬಂತಮ್ಮ?" ಎಂದ ಕಾವಲುಗಾರ. "ನನ್ನ ಮೊಮ್ಮಗಳು ಹುಟ್ಟಿದ ದಿನವೇ ಇವೆಲ್ಲ ಮೊಟ್ಟೆ ಒಡೆದು ಬಂದದ್ದು. ಆಸ್ಪತ್ರೆಯಿಂದ ಬಂದು ನಾನೇ ನೋಡಿದ್ದೆ. ಅವಳಿಗಿನ್ನೂ ಎಂಟು ತಿಂಗಳು, ಅಂಬೆಗಾಲು ಇಡ್ತಿದಾಳೆ."

ಆಕೆ ಕೊಳವೆಯಿಂದ ಕಣ್ಣು ತೆಗೆಯಲಿಲ್ಲ. ಎಂಟು ತಿಂಗಳಲ್ಲಿ ತಣ್ಣನೆಯ ಕಾಲ ಒಂದು ದಿನವೂ ಬಂದಿರಲಿಲ್ಲ. ಈ ಮೀನು ಚಳಿಯನ್ನೇ ಕಂಡಿರಲಿಲ್ಲ, ಆದರೂ ಉಂಗುರವಿತ್ತು. ತೀರ ಮರಿಗಳಾಗಿದ್ದಾಗ ಇವಕ್ಕೇನಾದರೂ ಆಗಿತ್ತೇ ಎಂದು ಕೇಳಿದಳು. ಮೊದಮೊದಲು ಮೇಲುಮೇಲೆ ಈಜಾಡಿಕೊಂಡಿದ್ದವಂತೆ. ಮೂರನೇ ತಿಂಗಳಲ್ಲಿ ಎಲ್ಲವೂ ಒಟ್ಟಿಗೆ ತಳಕ್ಕಿಳಿದು, ಮರಳಲ್ಲಿ ಹುದುಗಿ, ಒಂದು ವಾರ ಒಂದು ಚೂರೂ ತಿನ್ನದೆ ಬಿದ್ದಿದ್ದವಂತೆ. ಸತ್ತೇ ಹೋದವು ಎಂದು ಕಾವಲುಗಾರ ಊಟ ಬಿಟ್ಟಿದ್ದನಂತೆ. ಆಮೇಲೆ ತಾವಾಗಿಯೇ ಎದ್ದು ತಳದಲ್ಲೇ ತಿರುಗಾಡತೊಡಗಿದವು.

ಆ ಒಂದು ವಾರದ ಉಪವಾಸವೇ ಒಳಗಿನ ಉಂಗುರ. ಅದು ವರ್ಷವಲ್ಲ, ಮರಿ ಮೇಲಿನ ನೀರು ಬಿಟ್ಟು ತಳಕ್ಕೆ ಇಳಿದ ಗುರುತು. ಹಾಗಾದರೆ ಬಲಗಿವಿ ಹೇಳುತ್ತಿದ್ದದ್ದೇ ಸರಿ. ಎಡಗಿವಿಯದು ಒಂದು ವರ್ಷ ಹೆಚ್ಚು, ಒಂದೆರಡು ಸಲವಲ್ಲ, ನಲವತ್ತು ವರ್ಷ. ಅಪ್ಪ ತಪ್ಪಿದ್ದ. ಅಪ್ಪನನ್ನು ನಂಬಿದ ಅವಳೂ ತಪ್ಪಿದ್ದಳು.

ಒಂದು ಮೀನಿನ ಮೇಲೆ ಭಾರ ಹಾಕುವವರ ಪೈಕಿ ಆಕೆಯಲ್ಲ. ಇನ್ನೆರಡನ್ನು ಕೊಡಬೇಕೆಂದು ಕಾವಲುಗಾರನನ್ನು ಕೇಳಿದಳು. ಆತ ಎರಡು ದಿನ ಮುಖ ತಿರುಗಿಸಿಕೊಂಡು ಓಡಾಡಿದ. ಮೂರನೇ ದಿನ ತಿಂಡಿಪೋತನನ್ನೂ ಇನ್ನೊಂದನ್ನೂ ತಾನೇ ಹಿಡಿದು ತಂದುಕೊಟ್ಟು, ಸಾಹೇಬನನ್ನು ಮಾತ್ರ ಕೇಳಬೇಡಿ ಎಂದು ಹೇಳಿ ಹೋದ. ಎರಡರಲ್ಲೂ ಅದೇ ಉಂಗುರ ಅದೇ ಜಾಗದಲ್ಲಿ ಕೂತಿತ್ತು.

ತೊಟ್ಟಿಯ ಸಾಹೇಬ ಬದುಕಿಕೊಂಡ. ಕಚೇರಿಯ ಸಾಹೇಬರ ಕೋಣೆಗೆ ಆಕೆ ಮೂರು ಕಲ್ಲು ಹಿಡಿದುಕೊಂಡು ಹೋದಳು. ಅವರು ಕನ್ನಡಕವನ್ನು ಹಣೆಗೇರಿಸಿ, ಸಾವಧಾನವಾಗಿ ಎಲ್ಲವನ್ನೂ ಕೇಳಿದರು. ತೊಟ್ಟಿಯ ಮೂರು ಮೀನು, ಒಬ್ಬ ಕಾವಲುಗಾರ, ಒಂದು ಮಗು, ಇಷ್ಟು ಸಾಕ್ಷಿಗೆ ಎರಡು ದೇಶದ ಒಪ್ಪಂದ ಅಲುಗಾಡುವುದಿಲ್ಲ ಎಂದರು. ಒಂದು ಟಿಪ್ಪಣಿ ಬರೆದುಕೊಡಿ, ಉಪಸಮಿತಿ ಮಾಡಿಸೋಣ, ಮೂರು ನಾಲ್ಕು ವರ್ಷದಲ್ಲಿ ವರದಿ ಬರುತ್ತದೆ ಎಂದರು. ಕೊನೆಗೆ, ಓದುಗರ ಲೆಕ್ಕಕ್ಕೆ ಕೈ ಹಾಕುವ ಅಧಿಕಾರ ನನಗಿಲ್ಲ, ಈ ವರ್ಷ ನಿಮಗೆ ಕಂಡದ್ದನ್ನು ನೀವು ಬರೆಯಿರಿ ಎಂದು ಕನ್ನಡಕವನ್ನು ಮತ್ತೆ ಮೂಗಿಗಿಳಿಸಿದರು. ಜವಾಬ್ದಾರಿಯಿಂದ ಇಷ್ಟು ನಯವಾಗಿ ಜಾರಿಕೊಳ್ಳುವುದಕ್ಕೂ ಒಂದು ದರ್ಜೆ ಬೇಕು.

ಆ ವರ್ಷದ ಆರುನೂರು ಕಲ್ಲುಗಳನ್ನು ಆಕೆ ಮೊದಲಿನಿಂದ ಎಣಿಸಿದಳು. ಎಲ್ಲದರಲ್ಲೂ ಒಳಗಿನದನ್ನು ಬಿಟ್ಟಳು. ಮೂರು ಪಾಯಿಂಟ್ ಆರು ಬಂತು. ಆಚೆ ಕಡೆಯವನದೂ ಎಂದಿನಂತೆ ಅಷ್ಟೇ ಬರುತ್ತದೆ, ಅರ್ಧ ಮಾಡಿದರೂ ಅಷ್ಟೇ. ದಿಣ್ಣೆ ಮುಚ್ಚುವುದು ಖಂಡಿತ.

ಮುಚ್ಚಿದರೆ ಮೊದಲು ಪೆಟ್ಟು ಬೀಳುವುದು ಅವಳ ಸ್ವಂತ ತಮ್ಮನಿಗೆ. ತಮ್ಮನದು ಸರಪಳಿ ಬಲೆಯ ದೋಣಿ, ಐದು ಜನ ಆಳು. ಆಕೆ ಇದ್ದದ್ದು ಅವನ ಮನೆಯ ಮೇಲಂತಸ್ತಿನಲ್ಲಿ. ಮದುವೆಯಾಗದ ಅಕ್ಕನಿಗೆ ತಮ್ಮನ ಹೆಂಡತಿ ಎರಡು ಹೊತ್ತೂ ಕೆಳಗಿನಿಂದ ಊಟ ಕಳಿಸುತ್ತಿದ್ದಳು. ಸಭೆಗೆ ಒಂದು ತಿಂಗಳು ಇದ್ದಾಗ, ಲಕೋಟೆಗೆ ಅರಗು ಹಾಕಿ ಬಂದ ಸಂಜೆ, ಆಕೆ ಕೆಳಗಿಳಿದು ಹೋಗಿ ತಮ್ಮನ ಎದುರು ಕೂತು ಎಲ್ಲವನ್ನೂ ಹೇಳಿದಳು. ಬೇರೆಯವರ ಬಾಯಿಂದ ಅವನಿಗೆ ತಿಳಿಯಬಾರದಿತ್ತು. ತಮ್ಮ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ. ದೋಣಿಯ ಮಾತನ್ನೇ ಎತ್ತಲಿಲ್ಲ.

"ಅಪ್ಪನಿಗೆ ಎಣಿಸೋಕೆ ಬರ್ತಿರ್ಲಿಲ್ಲ ಅಂತೀಯಾ?" ಎಂದ.

"ಒಂದು ಹೆಚ್ಚಿಗೆ ಎಣಿಸಿದ. ನಾನೂ ಹಾಗೇ ಮಾಡಿದೆ."

"ಅವನು ಇದ್ದಿದ್ರೆ ನೀನು ಈ ಮಾತು ಆಡ್ತಿದ್ಯಾ?"

ಗೊತ್ತಿಲ್ಲ ಎಂದೇ ಹೇಳಿದಳು. ಮರುದಿನದಿಂದ ಊಟ ಮೇಲೆ ಬರಲಿಲ್ಲ. ಯಾರೂ ಜಗಳವಾಡಲಿಲ್ಲ, ಬಾಗಿಲು ಬಡಿಯಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ತಮ್ಮ ಗೋಡೆಯ ಕಡೆ ಸರಿದು ದಾರಿ ಬಿಡುತ್ತಿದ್ದ, ಅಪರಿಚಿತರಿಗೆ ಬಿಡುವ ಹಾಗೆ. ಅದರಿಂದ ಆಕೆಗೆ ಬಹಳ ನೋವಾಯಿತು. ಒಂದು ಒಲೆ, ಎರಡು ಪಾತ್ರೆ ಕೊಂಡು ತಂದು ತನ್ನಷ್ಟಕ್ಕೆ ಬೇಯಿಸಿಕೊಳ್ಳತೊಡಗಿದಳು. ಮೊಂಡು ಬೆರಳಿನವಳಾದ್ದರಿಂದ ಬಿಸಿ ಪಾತ್ರೆಯನ್ನು ಬರಿಗೈಯಲ್ಲೇ ಇಳಿಸುತ್ತಿದ್ದಳು.

ಆ ವರ್ಷದ ಸಭೆಯ ಸರದಿ ಈ ದಡದ್ದು. ಕಚೇರಿಯ ಮೊದಲ ಮಹಡಿಯ ದೊಡ್ಡ ಕೋಣೆಯಲ್ಲಿ ಮೇಜುಗಳನ್ನು ಜೋಡಿಸಿ ಹಸಿರು ಬಟ್ಟೆ ಹಾಸಿದರು. ಒಂದು ಪಕ್ಕ ಈ ದೇಶದವರು, ಇನ್ನೊಂದು ಪಕ್ಕ ಆ ದೇಶದವರು, ತಲೆಯ ಕಡೆ ಅಧ್ಯಕ್ಷರು. ಅವರು ಮೂರನೇ ದೇಶದ ನಿವೃತ್ತ ನ್ಯಾಯಾಧೀಶರು, ಇಬ್ಬರಿಗೂ ನೆಂಟರಲ್ಲ ಎಂಬುದೇ ಅವರ ಯೋಗ್ಯತೆ. ಓದುಗರಿಗೆ ಗೋಡೆಯ ಪಕ್ಕದಲ್ಲಿ ಕುರ್ಚಿ. ಎದುರಿನ ಗೋಡೆಯ ಪಕ್ಕ ಆಚೆ ಕಡೆಯ ಓದುಗ ಕೂತಿದ್ದ: ನಿವೃತ್ತಿಯ ಅಂಚಿನಲ್ಲಿದ್ದ, ತೆಳ್ಳಗಿನ, ತಲೆ ತಗ್ಗಿಸಿದ ಗಂಡಸು. ಹತ್ತೊಂಬತ್ತು ವರ್ಷ ಒಂದೇ ಮೀನಿನ ಎರಡು ಪಕ್ಕವನ್ನು ನೋಡಿದ ಇಬ್ಬರು ಒಬ್ಬರನ್ನೊಬ್ಬರು ಕಂಡದ್ದು ಅಂದೇ ಮೊದಲು. ಎರಡನೇ ದರ್ಜೆಯವರನ್ನು ಕಡಲು ದಾಟಿಸುವ ಖರ್ಚಿಗೆ ಆ ವರ್ಷದವರೆಗೆ ಯಾವ ಸರಕಾರವೂ ಒಪ್ಪಿರಲಿಲ್ಲ.

ಅಧ್ಯಕ್ಷರು ಮೊದಲ ಲಕೋಟೆ ಒಡೆದು ಓದಿದರು: ಮೂರು ಪಾಯಿಂಟ್ ಆರು. ಈ ಕಡೆಯ ಸಾಲಿನಲ್ಲಿ ಗುಸುಗುಸು ಎದ್ದಿತು. ಸಾಹೇಬರು ಕಿಟಕಿಯ ಕಡೆ ನೋಡಿದರು. ಉಂಗುರದಕ್ಕ ಮಡಿಲಲ್ಲಿ ಕೈ ಕಟ್ಟಿಕೊಂಡು ಕೂತಿದ್ದಳು. ಅಧ್ಯಕ್ಷರು ಎರಡನೇ ಲಕೋಟೆ ಒಡೆದರು, ಒಮ್ಮೆ ಓದಿ, ಮತ್ತೊಮ್ಮೆ ಓದಿ, ನಕ್ಕರು: ನಾಲ್ಕು ಪಾಯಿಂಟ್ ಆರು. ಹಿಂದಿನ ವರ್ಷದ ಅಂಕಿಗಳೇ, ಆದರೆ ದಡ ಬದಲಾಯಿಸಿಕೊಂಡಿದ್ದವು. ಕೂಡಿಸಿ ಅರ್ಧ ಮಾಡಿದರೆ ನಾಲ್ಕು ಪಾಯಿಂಟ್ ಒಂದು. ಒಂಬತ್ತನೇ ಕಲಮು ಅನ್ವಯಿಸುವುದಿಲ್ಲ, ದಿಣ್ಣೆ ತೆರೆದಿದೆ, ಚಹಾದ ನಂತರ ಮುಂದಿನ ವಿಷಯ ಎಂದು ಹೇಳಿ ಅವರು ಎದ್ದರು. ಎರಡೂ ಪಕ್ಕದವರು ಒಬ್ಬರ ಕೈ ಒಬ್ಬರು ಕುಲುಕಿದರು.

ಉಂಗುರದಕ್ಕನಿಗೆ ಮೊದಲು ಅನಿಸಿದ್ದು ನಿರಾಳ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆಕೆ ತನ್ನ ಪಾಲಿನ ಸತ್ಯವನ್ನು ಬರೆದಾಗಿತ್ತು, ಅರಗು ಹಾಕಿ ಕೊಟ್ಟಾಗಿತ್ತು. ಇಷ್ಟಾದರೂ ತಮ್ಮನ ದೋಣಿ ನಾಳೆ ದಿಣ್ಣೆಗೆ ಹೋಗಬಹುದು. ಇವತ್ತು ರಾತ್ರಿಯೇ ಊಟ ಮೇಲೆ ಬರಬಹುದು. ಯಾರೂ ಆಕೆಯತ್ತ ಬೆರಳು ತೋರಿಸುವ ಹಾಗಿಲ್ಲ. ಈ ನಿರಾಳ ಹೆಚ್ಚೆಂದರೆ ಒಂದು ಲೋಟ ಚಹಾ ಆರುವಷ್ಟು ಹೊತ್ತು ಉಳಿಯಿತು. ಆಮೇಲೆ ಆಕೆಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯದ ಸಿಟ್ಟು. ನಲವತ್ತು ವರ್ಷ ಸರಿಯಾಗಿ ಎಣಿಸುತ್ತ ಬಂದ ಆ ಕಡೆಯವರು ಈ ವರ್ಷವೇ ತಪ್ಪಬೇಕೇ? ಆಕೆ ಲೋಟ ಕೆಳಗಿಟ್ಟು, ಕಾರಿಡಾರಿನ ಕೊನೆಯಲ್ಲಿ ಒಬ್ಬನೇ ನಿಂತಿದ್ದ ಆ ಓದುಗನ ಹತ್ತಿರ ಹೋದಳು.

ಆಚೆ ದಡದ ಮಾತೂ ಈಚೆ ದಡದ ಮಾತೂ ಒಂದೇ ಬೇರಿನವು, ನಿಧಾನವಾಗಿ ಆಡಿದರೆ ತಿಳಿಯುತ್ತದೆ. ಆತ ಆಕೆಯ ಜೇಬಿನಲ್ಲಿದ್ದ ನೇರಳೆ ಬಣ್ಣದ ಪೆನ್ಸಿಲ್ ನೋಡಿ ಗುರುತು ಹಿಡಿದ. ಇಷ್ಟು ವರ್ಷ ಆಕೆ ಕಳಿಸಿದ ಬಲಗಿವಿಯ ಲಕೋಟೆಗಳ ಮೇಲೆ ದೋಣಿಯ ನಂಬರು, ತಾರೀಕು ಎಲ್ಲ ಆ ಬಣ್ಣದಲ್ಲೇ ಇರುತ್ತಿದ್ದವು. ಅಲ್ಲಿಂದ ಬರುತ್ತಿದ್ದ ಎಡಗಿವಿಯ ಲಕೋಟೆಗಳಿಂದ ಆಕೆಗೂ ಅವನು ಕಾಗದ ತೂತಾಗುವಷ್ಟು ಒತ್ತಿ ಬರೆಯುತ್ತಾನೆಂಬುದು ಗೊತ್ತಿತ್ತು. ಈ ಸಲ ಒಂದು ವರ್ಷ ಹೆಚ್ಚಿಗೆ ಎಣಿಸಿದ್ದು ಯಾಕೆ ಎಂದು ಸುತ್ತಿ ಬಳಸದೆ ಕೇಳಿದಳು.

"ಪರಿಶೀಲಿಸಿಕೊಳ್ಳಿ ಅಂತ ನಿರ್ಣಯ ಬಂತಲ್ಲ," ಎಂದ ಆತ. "ಒಂದು ವರ್ಷ ಯೋಚನೆ ಮಾಡ್ದೆ. ನಿಮ್ಮ ತಂದೆ, ಆಮೇಲೆ ನೀವು, ಇಬ್ಬರ ಕಣ್ಣೂ ಒಂದೇ ಹೇಳ್ತಿತ್ತು. ನಮ್ಮಲ್ಲಿ ನನಗಿಂತ ಮುಂಚೆ ಇದ್ದವರು ಎಲ್ಲ ಹೀಗೇ ಬಂದು ಹಾಗೇ ಹೋದವರು. ತಪ್ಪು ನಮ್ಮದೇ ಇರ್ಬೇಕು ಅಂದ್ಕೊಂಡೆ."

"ಇಬ್ಬರ ಕಣ್ಣಲ್ಲ ಅದು, ಒಂದೇ ಕಣ್ಣು," ಎಂದಳು ಉಂಗುರದಕ್ಕ. "ಅಪ್ಪ ತೋರಿಸಿದ್ದನ್ನೇ ನಾನು ನೋಡಿದ್ದು."

ಆಕೆ ಅವನನ್ನು ಕೆಳಗಿನ ಹಜಾರಕ್ಕೆ ಕರೆದುಕೊಂಡು ಹೋಗಿ ತೊಟ್ಟಿ ತೋರಿಸಿದಳು. ಕಾವಲುಗಾರ ಒಂದು ವಾರದ ಉಪವಾಸದ ಕಥೆಯನ್ನು ಮೊಮ್ಮಗಳ ಸಮೇತ ಎರಡು ಸಲ ಹೇಳಿದ. ಆಮೇಲೆ ಇಬ್ಬರೂ ಎರಡನೇ ಮಹಡಿಗೆ ಹತ್ತಿದರು. ಆತ ಅಪ್ಪನ ಕುರ್ಚಿಯಲ್ಲಿ ಕೂತು ತೊಟ್ಟಿಯ ಮೂರು ಕಲ್ಲುಗಳನ್ನು ಒಂದೊಂದಾಗಿ ನೋಡಿದ. ಬಹಳ ಹೊತ್ತು ನೋಡಿದ. ಕೆಳಗಿನ ಸಭೆಯವರು ಮತ್ತೆ ಸೇರುತ್ತಿದ್ದ ಕುರ್ಚಿಗಳ ಸದ್ದು ಕೇಳಿಸುತ್ತಿತ್ತು.

ಕೊಟ್ಟ ಲೆಕ್ಕವನ್ನು ತಿದ್ದಲು ಒಪ್ಪಂದದಲ್ಲಿ ದಾರಿ ಇರಲಿಲ್ಲ. ಕೊಟ್ಟವನೇ ಹಿಂತೆಗೆದುಕೊಳ್ಳಬಹುದಿತ್ತು, ಅಷ್ಟೇ. ಒಂದು ಕಡೆಯ ಲೆಕ್ಕ ಇಲ್ಲವಾದರೆ ಇನ್ನೊಂದು ಕಡೆಯದು ಒಂಟಿಯಾಗಿ ನಿಲ್ಲುತ್ತದೆ ಎಂದು ಹದಿನೇಳನೇ ಕಲಮಿನ ಬಾಲದಲ್ಲಿ ಒಂದು ಸಾಲಿತ್ತು. ಕಲ್ಲು ಸಾಗಿಸುವ ಹಡಗು ಮುಳುಗಿದರೆ ಏನು ಗತಿ ಎಂದು ಯೋಚಿಸಿ ಯಾರೋ ಬರೆದಿಟ್ಟ ಸಾಲು ಅದು. ಇಬ್ಬರೂ ಓದುಗರಿಗೆ ಆ ಸಾಲು ಚೆನ್ನಾಗಿ ಗೊತ್ತಿತ್ತು.

"ನಾನು ಹಿಂತೆಗೆದುಕೊಂಡ್ರೆ ನಿಮ್ಮದೊಂದೇ ಉಳಿಯುತ್ತೆ," ಎಂದ ಆತ. "ಅರ್ಧ ನನ್ನ ತಲೆ ಮೇಲೆ, ಅರ್ಧ ನಿಮ್ಮ ತಲೆ ಮೇಲೆ ಅನ್ನೋದು ಇರಲ್ಲ. ಮುಚ್ಚಿಸಿದವರು ಯಾರು ಅಂದ್ರೆ ಎರಡೂ ಊರವರು ನಿಮ್ಮನ್ನೇ ತೋರಿಸ್ತಾರೆ."

ತೋರಿಸಲಿ ಎಂದು ಆಕೆ ಧೈರ್ಯದ ಮಾತೇನೂ ಆಡಲಿಲ್ಲ. ಅವಳಿಗೆ ಹೆದರಿಕೆಯೇ ಆಗಿತ್ತು. ತಮ್ಮನಿಗೊಂದು ದೋಣಿ ಇದೆ, ಅವನಿಗೆ ಮೊದಲೇ ಹೇಳಿದ್ದೇನೆ ಎಂದಷ್ಟೇ ಹೇಳಿ ದೀಪದ ಮುಚ್ಚಳ ಹಾಕಿದಳು.

ಸಭೆಯಲ್ಲಿ ಆತ ಎದ್ದು ನಿಂತಾಗ ಆಚೆ ಕಡೆಯ ಸಾಲಿನವರೇ ಅವನ ಅಂಗಿ ಜಗ್ಗಿದರು. ಆತ ಕೂರಲಿಲ್ಲ. ಈ ವರ್ಷ ತಾನು ಕಲ್ಲನ್ನು ನೋಡಿ ಎಣಿಸಲಿಲ್ಲ, ಎದುರಿನವರನ್ನು ನೆನೆದು ಎಣಿಸಿದೆ, ಆದ್ದರಿಂದ ಲೆಕ್ಕ ಹಿಂತೆಗೆದುಕೊಳ್ಳುತ್ತೇನೆ ಎಂದ. ಎರಡೂ ದೇಶದ ವಕೀಲರು ಹಾಗೆ ಮಾಡಕೂಡದೆಂದು ಒಂದು ಗಂಟೆ ಕಾದಾಡಿದರು. ನಲವತ್ತು ವರ್ಷದಲ್ಲಿ ಅವರು ಒಂದೇ ಪಕ್ಷವಾಗಿ ವಾದಿಸಿದ್ದು ಅದೇ ಮೊದಲು. ಅಧ್ಯಕ್ಷರು ಈಗ ನಗುತ್ತಿರಲಿಲ್ಲ. ಹದಿನೇಳನೇ ಕಲಮನ್ನು ಬಾಲದವರೆಗೆ ಓದಿ, ಉಳಿದಿರುವ ಒಂದೇ ಲೆಕ್ಕ ಮೂರು ಪಾಯಿಂಟ್ ಆರು ಎಂದು ಬರೆಸಿದರು. ಮೂವತ್ತು ದಿನದೊಳಗೆ ಎರಡೂ ದಡದ ಎಲ್ಲ ಸರಪಳಿಗಳೂ ಆಯಾ ಬಂದರಿನ ಗೋದಾಮಿಗೆ ಬಂದು ಬೀಗಮುದ್ರೆಯೊಳಗೆ ಇರತಕ್ಕದ್ದು.

ಆಮೇಲಿನ ಮೂವತ್ತು ದಿನ ಬಂದರಿನಲ್ಲಿ ಉಂಗುರದಕ್ಕನನ್ನು ಉಂಗುರದಕ್ಕ ಎಂದು ಯಾರೂ ಕರೆಯಲಿಲ್ಲ. ಬೇರೆ ಹೆಸರುಗಳಿಂದ ಕರೆದರು, ಅವನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಕೆಲವರಿಗೆ ಮೂರು ವರ್ಷಕ್ಕೆ ಸಣ್ಣ ಬಲೆ, ಗಾಳದ ಸಾಲು ಎಂದು ದಾರಿ ಸಿಕ್ಕಿತು, ಕೆಲವರು ದೋಣಿಯನ್ನು ದಡಕ್ಕೆಳೆದು ಬೇರೆ ಕೆಲಸ ಹುಡುಕಿ ಹೋದರು. ಆಕೆ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಸಂಜೆ ಎಲ್ಲರೂ ಹೋದ ಮೇಲೆ ಮನೆಗೆ ಹೋಗುತ್ತಿದ್ದಳು. ಮಧ್ಯಾಹ್ನ ಗೋದಾಮಿನ ಮುಂದೆ ಸರಪಳಿ ಎಳೆಯುವ ಸದ್ದು ಎರಡನೇ ಮಹಡಿಯವರೆಗೆ ಬರುತ್ತಿತ್ತು. ಒಂದೊಂದು ಸರಪಳಿ ಬಂದಾಗಲೂ ಯಾರ ದೋಣಿಯದೋ ಎಂದು ಕಿಟಕಿಯಿಂದ ನೋಡಬೇಕೆನಿಸುತ್ತಿತ್ತು, ನೋಡುತ್ತಿರಲಿಲ್ಲ.

ಇಪ್ಪತ್ತೊಂಬತ್ತನೇ ದಿನ ಕಾರಿಡಾರಿನಲ್ಲಿ ಹೆಜ್ಜೆಯ ಸದ್ದಾಯಿತು. ಬಾಗಿಲಲ್ಲಿ ತಮ್ಮ ನಿಂತಿದ್ದ. ಕೈಯೆಲ್ಲ ತುಕ್ಕಿನ ಕೆಂಪು, ಜೇಬಿನಲ್ಲಿ ಗೋದಾಮಿನ ರಶೀದಿ. ಅಪ್ಪ ಇದ್ದ ಇಪ್ಪತ್ತೊಂದು ವರ್ಷ, ಅಕ್ಕ ಇದ್ದ ಹತ್ತೊಂಬತ್ತು ವರ್ಷ, ಒಂದು ದಿನವೂ ಆತ ಈ ಕೋಣೆಗೆ ಬಂದಿರಲಿಲ್ಲ. ಕಲ್ಲು ಎಣಿಸುವುದು ಅವರ ಕೆಲಸ, ಮೀನು ಹಿಡಿಯುವುದು ತನ್ನದು ಎಂಬುದು ಅವನ ನಿಲುವು. ಖಾನೆಗಳನ್ನೆಲ್ಲ ಒಮ್ಮೆ ನೋಡಿದ. ಕುರ್ಚಿಯ ಸವೆದ ಕೈಗಳನ್ನು ನೋಡಿದ.

"ತೋರಿಸು," ಎಂದ.

ಆಕೆ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಕೈಗೆ ಸಿಕ್ಕ ಒಂದು ಲಕೋಟೆಯಿಂದ ಕಲ್ಲು ತೆಗೆದು, ಎಣ್ಣೆ ಹಾಕಿ, ಕೊಳವೆಯ ಕೆಳಗಿಟ್ಟಳು. ತಮ್ಮ ಬಗ್ಗಿ ಒಂದು ಕಣ್ಣು ಮುಚ್ಚಿದ. ಮೊದಲು ಏನೂ ಕಾಣುವುದಿಲ್ಲ ಎಂದ. ಆಕೆ ತಿರುಪನ್ನು ಸ್ವಲ್ಪ ತಿರುಗಿಸಿದಳು. ಅವನ ಉಸಿರು ನಿಂತದ್ದರಿಂದ ಅವನಿಗೆ ಕಂಡಿತೆಂದು ಆಕೆಗೆ ಗೊತ್ತಾಯಿತು.

"ನಾಲ್ಕು," ಎಂದ ತಮ್ಮ. ಅವನ ದನಿಯಲ್ಲಿ ಒಂದು ಆಸೆ ಇತ್ತು. "ನಾಲ್ಕಿದೆ ಅಕ್ಕಾ, ನೋಡು."

"ಒಳಗಿನದನ್ನ ಬಿಡು. ಚುಕ್ಕೆ ಪಕ್ಕದಲ್ಲಿ ತೆಳ್ಳಗಿದೆಯಲ್ಲ, ಅದು ವರ್ಷ ಅಲ್ಲ."

ಆತ ಮತ್ತೆ ಎಣಿಸಿದ. ಬೆರಳನ್ನು ಮೇಜಿನ ಮೇಲೆ ಒತ್ತಿ ಒತ್ತಿ ಎಣಿಸಿದ, ಅಪ್ಪನೂ ಹಾಗೆಯೇ ಮಾಡುತ್ತಿದ್ದ. ಮೂರು ಬಂತು. ಆಮೇಲೆ, ಇದನ್ನು ಹಿಡಿದದ್ದು ಯಾರ ದೋಣಿ ಎಂದು ಕೇಳಿದ. ಆಕೆ ಲಕೋಟೆಯನ್ನು ತಿರುಗಿಸಿ ನೋಡಿದಳು. ಸುಳ್ಳು ಹೇಳಬಹುದಿತ್ತು. ಹೇಳದೆ ಲಕೋಟೆಯನ್ನೇ ಅವನ ಮುಂದಿಟ್ಟಳು. ನೇರಳೆ ಅಕ್ಷರದಲ್ಲಿ ಅವನದೇ ದೋಣಿಯ ನಂಬರು ಇತ್ತು.

ತಮ್ಮ ನಂಬರು ಓದಿ, ಮತ್ತೆ ಕೊಳವೆಗೆ ಕಣ್ಣಿಟ್ಟ.

"ಒಂದ್ಸಲವೂ ಮೊಟ್ಟೆ ಇಟ್ಟಿರ್ಲಿಲ್ಲ ಅನ್ನು," ಎಂದ.

ಇಲ್ಲ, ಎಂದಳು ಅಕ್ಕ. ಆತ ಎದ್ದು, ತುಕ್ಕಿನ ಕೈಯನ್ನು ಅಂಗಿಗೆ ಒರೆಸಿಕೊಂಡು, ಕಲ್ಲನ್ನು ಲಕೋಟೆಯೊಳಗಿಟ್ಟು ತಾನೇ ಅದರ ಖಾನೆಗೆ ಹಾಕಿದ. ಬಾಗಿಲ ಹತ್ತಿರ ನಿಂತು, ಇವತ್ತು ಮೇಲೆ ಒಲೆ ಹಚ್ಚಬೇಡ ಎಂದು ಹೇಳಿ ಹೋದ.